ಬಕೆಟ್‌ನಲ್ಲಿ ತೇಲಿದ ಇಟ್ಟಿಗೆ: ನಮ್ಮ ಮನೆಯ ಎಎಸಿ ಬ್ಲಾಕ್ ಗೋಡೆಗಳು

ಎಎಸಿ ಅಂದರೆ ಒಳಗೆಲ್ಲ ಗಾಳಿಗುಳ್ಳೆ ತುಂಬಿದ ಹಗುರ ಕಾಂಕ್ರೀಟ್ ಬ್ಲಾಕ್. ಲಾರಿಯಿಂದ ಇಳಿಸುವಾಗ ಒಂದರ ಮೂಲೆ ಮುರಿಯಿತು. ಮಗ ಆ ತುಂಡನ್ನು ಎತ್ತಿ ನೀರಿನ ಬಕೆಟ್‌ಗೆ ಹಾಕಿದ. ತೇಲಿತು! ನಮ್ಮ ಗೌಂಡಿ ಕಾಕಾ ತಲೆ ಮೇಲೆ ಕೈ ಇಟ್ಟುಕೊಂಡರು. "ಅಕ್ಕಾವ್ರೆ, ಇದು ಬಿಸ್ಕೀಟ್ ಅದ. ಇದರಾಗ ಮನಿ ಕಟ್ಟಸ್ತೀರೇನ್ರಿ?"

ಹೌದು, ಅದರಲ್ಲೇ ಕಟ್ಟಿಸಿದೆವು. ಕಾರಣ ಭಯ. ನಾವಿರೋದು ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಕಳಿಸಿ ಬಂದು ಜನ ಮಲಗಿದ್ದಾಗ, ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪಕ್ಕೆ ನಡುಗಿತಲ್ಲ, ನನಗಾಗ 8 ವರ್ಷ. ನಮ್ಮ ಮನೆಯ ಗೂಡಿನಲ್ಲಿದ್ದ ಪಾತ್ರೆಗಳು ಗಲಗಲ ಅಂದಿದ್ದು ಇನ್ನೂ ಕಿವಿಯಲ್ಲಿದೆ. ಎಷ್ಟೋ ದಿನ ಅಂಗಳದಲ್ಲೇ ಮಲಗಿದೆವು. ಕಿಲ್ಲಾರಿಯಲ್ಲಿ ಸಾವಿರಾರು ಜನರ ಮೇಲೆ ಬಿದ್ದಿದ್ದು ಅವರವರ ಮನೆಗಳೇ. ಮಣ್ಣಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ನಮ್ಮ ಹಳೇ ಮನೆಯೂ ಥೇಟ್ ಹಾಗೇ ಇತ್ತು.

ಭೂಮಿ ಅಲುಗಿದಾಗ ಗೋಡೆ ಎಷ್ಟು ಭಾರವೋ ಅಷ್ಟು ಜೋರಾಗಿ ಮನೆಯನ್ನು ಎಳೆಯುತ್ತೆ. ಎಎಸಿ ಒಂದು ಘನ ಮೀಟರಿಗೆ ಸುಮಾರು 600 ಕಿಲೋ, ಸುಟ್ಟ ಇಟ್ಟಿಗೆ 1,900ರ ಹತ್ತಿರ. 10 ಅಡಿಗೆ 10 ಅಡಿ, 8 ಇಂಚು ದಪ್ಪದ ಒಂದು ಗೋಡೆ ಲೆಕ್ಕ ಹಾಕಿ ನೋಡಿ. ಇಟ್ಟಿಗೆಯದಾದರೆ ಮೂರೂವರೆ ಟನ್, ಇದರದ್ದು ಟನ್ನಿಗಿಂತ ಚೂರು ಜಾಸ್ತಿ. ಇಷ್ಟು ಹಗುರ ಹೇಗೆ ಅಂದರೆ, ಹಾರುಬೂದಿ, ಸಿಮೆಂಟು, ಸುಣ್ಣದ ಜೊತೆ ಚಿಟಿಕೆ ಅಲ್ಯೂಮಿನಿಯಂ ಪುಡಿ ಸೇರಿಸುತ್ತಾರೆ. ಅದರಿಂದ ಗ್ಯಾಸ್ ಎದ್ದು ಹಿಟ್ಟು ಇಡ್ಲಿ ಹಿಟ್ಟಿನ ಹಾಗೆ ಉಬ್ಬುತ್ತೆ. ಆಮೇಲೆ ಭಾರೀ ಒತ್ತಡದ ಹಬೆಯಲ್ಲಿ ಬೇಯಿಸ್ತಾರೆ.

ಆದರೆ ಕಾಕಾ ಹೇಳಿದ್ದರಲ್ಲೂ ಸತ್ಯ ಇತ್ತು. ಇದು ಬಾಗಲ್ಲ, ಸೀದಾ ಒಡೆಯುತ್ತೆ. ಹಗುರ ಅಂತ ಸುಮ್ನೆ ಜೋಡಿಸಿಟ್ಟರೆ ಭೂಕಂಪದಲ್ಲಿ ಇಡೀ ಗೋಡೆ ಕಾಲಂ ನಡುವಿಂದ ಕಳಚಿಕೊಂಡು ಕೋಣೆಯೊಳಗೆ ಬೀಳಬಹುದು. ಹಾಗಾಗಿ ನಮ್ಮ ಎಂಜಿನಿಯರ್ ಕಿಟಕಿಯ ಕೆಳಗೊಂದು, ಬಾಗಿಲು ಕಿಟಕಿಗಳ ಮೇಲಿನ ಲಿಂಟಲ್ ಮಟ್ಟಕ್ಕೊಂದು ಕಾಂಕ್ರೀಟ್ ಬೆಲ್ಟ್ ಹಾಕಿಸಿದರು. ಕಾಲಂನಿಂದ ಕಂಬಿ ಹೊರಗೆ ಬಿಟ್ಟು ಗೋಡೆಯ ಸಂದಿನಲ್ಲಿ ಕೂರಿಸಿದರು. ಬೀಮ್ ಕೆಳಗೆ ಗೋಡೆಯನ್ನು ಬಿಗಿಯಾಗಿ ತುರುಕಲಿಲ್ಲ. ಸಣ್ಣ ಸಂದು ಬಿಟ್ಟು ಫೋಮ್ ತುಂಬಿ, ಗೋಡೆ ಆಚೀಚೆ ವಾಲದಂತೆ ಪಟ್ಟಿ ಹಿಡಿಸಿದರು. ಕಾಕಾಗೆ ಇದೆಲ್ಲ ದಂಡ ಅನ್ನಿಸಿತ್ತು.

ಎಲ್ಲಾ ಸರಿ ಅಂದುಕೊಂಡಾಗ ಎಲೆಕ್ಟ್ರಿಷಿಯನ್ ಬಂದ. ಮಧ್ಯಾಹ್ನ ಚಹಾ ಕೊಡೋಕೆ ಹೋದರೆ, ಹುಡುಗ ಸುತ್ತಿಗೆ ಉಳಿ ಹಿಡಿದು ವೈರಿನ ಪೈಪಿಗೆ ಅಂತ ಗೋಡೆಯಲ್ಲಿ ಅಡ್ಡಡ್ಡ ಕಾಲುವೆ ಕೊರೀತಿದ್ದಾನೆ. 4 ಇಂಚಿನ ಗೋಡೆಯಲ್ಲಿ 2 ಇಂಚು ಆಳ, 6 ಅಡಿ ಉದ್ದ! ಕಟ್ಟಿದ ಗೋಡೆಯನ್ನು ನಾವೇ ಅರ್ಧ ಕೊಯ್ದ ಹಾಗೆ ಅಲ್ವಾ? ನಿಲ್ಲಿಸಿದೆ. ಆ ಸಾಲನ್ನು ಬಿಚ್ಚಿ ಮತ್ತೆ ಕಟ್ಟಿದರು. ಆಮೇಲೆ ಪೈಪೆಲ್ಲ ಮೇಲಿಂದ ಕೆಳಕ್ಕೆ ಮಾತ್ರ, ಅದೂ ಕಟರ್‌ನಲ್ಲಿ.

2021ರ ಅಕ್ಟೋಬರ್‌ನಲ್ಲಿ ನಮ್ಮ ತಾಲೂಕಿನ ಗಡಿಕೇಶ್ವರದ ಸುತ್ತ ಮತ್ತೆ ಮತ್ತೆ ಭೂಮಿ ನಡುಗಿತು. ನಾವು ಮನೆಗೆ ಬಂದು ಆರು ತಿಂಗಳಾಗಿತ್ತು. ಓಣಿಯವರೆಲ್ಲ ಬಂದು ಹಾಲ್‌ನ ಬಿರುಕಿಗೆ ಕೈ ಹಚ್ಚಿ ಹಚ್ಚಿ ನೋಡಿದರು. ಆ ಬಿರುಕು ಬೇಸಿಗೆಯಲ್ಲೇ ಬಿದ್ದಿತ್ತು. ಹಸಿ ಬ್ಲಾಕ್ ಕಟ್ಟಿ ಅವಸರಕ್ಕೆ ಪ್ಲಾಸ್ಟರ್ ಹೊಡೆಸಿದ ನಮ್ಮ ತಪ್ಪು ಅದು. ಕಾಲಂ ಮತ್ತು ಬ್ಲಾಕ್ ಸೇರುವ ಕಡೆ ಜಾಳಿಗೆ ಬಡಿಸದಿದ್ದದ್ದೂ ಹೌದು. ಹೊಸ ಬಿರುಕು ಒಂದೂ ಬೀಳಲಿಲ್ಲ. ಹಾಗಂತ ಇದನ್ನು ಸರ್ಟಿಫಿಕೇಟ್ ಅಂತ ನಾನು ತೋರಿಸಲ್ಲ. ರಿಕ್ಟರ್ ಮಾಪಕದಲ್ಲಿ 4ರ ಆಸುಪಾಸಿನ ನಡುಕ ಕಿಲ್ಲಾರಿಯ ಮುಂದೆ ಏನೂ ಅಲ್ಲ.

ತಂಪು? ಪಡುವಣ ಗೋಡೆ ಮೇ ತಿಂಗಳ ಸಂಜೆಯೂ ಒಳಗಡೆ ಅಷ್ಟು ಸುಡಲ್ಲ. ಆದರೆ ಸ್ಲ್ಯಾಬಿನ ಕಾವು ಹೋಗಲ್ಲ. ಮಣ್ಣಿನ ಮಾಳಿಗೆಯ ತಂಪು ಮರೆತುಬಿಡಿ. ಮಾಮೂಲಿ ಮೊಳೆ ನಿಲ್ಲಲ್ಲ, ನಮ್ಮ ನೀರಿನ ಫಿಲ್ಟರ್ ಎರಡೇ ವಾರಕ್ಕೆ ಕಿತ್ತುಕೊಂಡು ಬಂತು. ಇದಕ್ಕೇ ಅಂತ ಬೇರೆ ಪ್ಲಗ್ ಸಿಗುತ್ತೆ, ಅದನ್ನೇ ಹಾಕಿಸಿ. ಮಾರಿದವರು ಇದನ್ನೆಲ್ಲ ಹೇಳಲಿಲ್ಲ, ಮೂಲೆ ಒಡೆದ ಬ್ಲಾಕ್ ವಾಪಸ್ಸೂ ತಗೊಳ್ಳಲಿಲ್ಲ. ಬ್ಲಾಕಿಗೆ 5ಕ್ಕೆ 4 ಕೊಡ್ತೀನಿ, ಅಂಗಡಿಗೆ 2.

ಕೊನೆಗೆ ಉಳಿದ ಬ್ಲಾಕುಗಳಿಂದ ಟೆರೇಸಿನ ಪ್ಯಾರಾಪೆಟ್ ಎತ್ತೋಣ ಅಂದರು ನಮ್ಮ ಮನೆಯವರು. ಮೇಲೆ ಹಿಡಿದುಕೊಳ್ಳೋಕೆ ಏನೂ ಇಲ್ಲದ ಗೋಡೆ ಅದು, ಅಲುಗಿದರೆ ಮೊದಲು ಬೀದಿಗೆ ಬೀಳೋದೇ ಅದು. ಅಲ್ಲಲ್ಲಿ ಗಿಡ್ಡ ಕಾಂಕ್ರೀಟ್ ಕಂಬ, ಮೇಲೊಂದು ಬೆಲ್ಟ್ ಬೇಕು ಅಂದೆ. ಕಾಕಾ ಈ ಸಲ ನಗಲಿಲ್ಲ. "ಕಂಬಿ 8 ಎಂಎಂ ತರಸ್ಲೇನ್ರಿ, 10 ತರಸ್ಲೇನ್ರಿ?" ಅಂತ ಕೇಳಿದರು.