ಲೋಕಲ್ ಕೇಬಲ್‌ನವರ 100 ಎಂಬಿಪಿಎಸ್ ಫೈಬರ್: ಲೈನ್ ಒಳ್ಳೆಯದೇ, ವೈಫೈ ಬಾಕ್ಸ್ ಸಾಲದು

ತಿಂಗಳಿಗೆ ₹499, ಅದರ ಮೇಲೆ ಶೇ. 18 ಜಿಎಸ್‌ಟಿ ಸೇರಿ ₹589. ಇದಕ್ಕೆ 100 ಎಂಬಿಪಿಎಸ್ ವೇಗ, 1,000 ಜಿಬಿ ಡೇಟಾ. ಮುಗಿದ ಮೇಲೆ 2 ಎಂಬಿಪಿಎಸ್. ಮಂಗಳೂರಿನ ಕದ್ರಿ, ಬಿಜೈ ಕಡೆ ಕೇಬಲ್ ಟಿವಿಯವರೇ ಎಳೆದುಕೊಡುವ ಈ ಫೈಬರ್ ಬಗ್ಗೆ ಹೆಚ್ಚು ಕೇಳಿಬರುವ ದೂರು, "ನೂರು ಅಂತ ಹೇಳಿ ಹನ್ನೆರಡು ಕೊಡ್ತಾರೆ ಮಾರಾಯ್ರೆ" ಎಂಬುದು. ಈ ದೂರಿನಲ್ಲಿ ಹುರುಳಿಲ್ಲ. ದೂರಬೇಕಾದ ವಿಷಯ ಬೇರೆಯೇ ಇದೆ.

ಪ್ಲಾನಿನಲ್ಲಿರುವ 100 ಎಂದರೆ ಸೆಕೆಂಡಿಗೆ 100 ಮೆಗಾಬಿಟ್. ಫೈಲ್ ಇಳಿಯುವಾಗ ಬ್ರೌಸರ್ ತೋರಿಸುವುದು ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್, ಹಾಗಾಗಿ 100ನ್ನು 8ರಿಂದ ಭಾಗಿಸಿದರೆ 12.5. ಪ್ರತಿ ಪ್ಯಾಕೆಟ್ ಜೊತೆ ವಿಳಾಸ, ತಪಾಸಣೆಯ ಬಿಟ್‌ಗಳೂ ಹೋಗಬೇಕು, ಅದಕ್ಕೆ ಶೇ. 5-6 ಖರ್ಚಾಗಿ ಕೈಗೆ ಸಿಗುವುದು 11.7ರ ಆಸುಪಾಸು. 4.5 ಜಿಬಿ ಫೈಲಿಗೆ ಸುಮಾರು ಆರೂವರೆ ನಿಮಿಷ. ಇಂಗ್ಲಿಷಿನಲ್ಲಿ ಬರೆಯುವಾಗ ಸಣ್ಣ ಬಿ ಬಿಟ್‌ಗೆ, ದೊಡ್ಡ ಬಿ ಬೈಟ್‌ಗೆ. ಇವರ ಪಾಂಪ್ಲೆಟ್‌ನಲ್ಲಿ ಎಲ್ಲವೂ ದೊಡ್ಡಕ್ಷರ. ಗಿರಾಕಿಗಳಿಗೆ ಗೊಂದಲ ಆಗದೆ ಇನ್ನೇನಾಗುತ್ತದೆ? ಮೊದಲು ಇದನ್ನು ತಿದ್ದಬೇಕು.

1,000 ಜಿಬಿ ಒಂದು ಕುಟುಂಬಕ್ಕೆ ಧಾರಾಳ. 4ಕೆ ಸಿನಿಮಾ ಗಂಟೆಗೆ ಸುಮಾರು 7 ಜಿಬಿ ತಿನ್ನುತ್ತದೆ, ದಿನಕ್ಕೆ ನಾಲ್ಕು ಗಂಟೆ ನೋಡಿದರೂ ತಿಂಗಳಿಗೆ 840. ಆದರೆ ಪೂರ್ಣ ವೇಗದಲ್ಲಿ ಒಂದೇ ಸಮನೆ ಇಳಿಸುತ್ತಾ ಹೋದರೆ ಇಡೀ ತಿಂಗಳ ಡೇಟಾ 22 ಗಂಟೆಯಲ್ಲಿ ಖಾಲಿ. ಆಮೇಲಿನ 2 ಎಂಬಿಪಿಎಸ್‌ನಲ್ಲಿ ಒಂದು ಜಿಬಿಗೆ ಒಂದು ಗಂಟೆ ಏಳು ನಿಮಿಷ ಬೇಕು. ಸಿಸಿಟಿವಿ ಕ್ಯಾಮೆರಾದ ರೆಕಾರ್ಡಿಂಗ್ ಕ್ಲೌಡ್‌ಗೆ ಹೋಗುವ ಮನೆಯವರು ಅಪ್‌ಲೋಡ್ ಕೂಡ ಇದೇ ಲೆಕ್ಕಕ್ಕೆ ಸೇರುತ್ತದೆಯೇ ಎಂದು ಮೊದಲೇ ಕೇಳಿಕೊಳ್ಳಿ.

ಲ್ಯಾಪ್‌ಟಾಪಿಗೆ ವೈರ್ ಹಾಕಿ, ಸ್ಪೀಡ್ ಟೆಸ್ಟ್‌ನಲ್ಲಿ ಇವರದೇ ಸರ್ವರ್ ಬಿಟ್ಟು ಬೆಂಗಳೂರಿನದ್ದನ್ನು ಆರಿಸಿದರೂ 94 ಎಂಬಿಪಿಎಸ್ ಬರುತ್ತದೆ. ಬಾಕ್ಸಿನ ಆ ಸಾಕೆಟ್ಟೇ 100ರದ್ದಾದ್ದರಿಂದ ಅದಕ್ಕಿಂತ ಹೆಚ್ಚು ಬರಲಾರದು. ಮುಂದೆ 200ರ ಪ್ಲಾನಿಗೆ ಹೋಗುವವರು ಪಕ್ಕದಲ್ಲಿ ಜಿಇ (ಗಿಗಾಬಿಟ್ ಈಥರ್ನೆಟ್) ಎಂದು ಬರೆದಿರುವ ಸಾಕೆಟ್ಟಿಗೇ ವೈರ್ ಚುಚ್ಚಬೇಕು. ವೈರಿನ ಎಂಟು ಎಳೆಯೂ ತುದಿಯ ಪ್ಲಗ್ಗಿಗೆ ಕ್ರಿಂಪ್ ಆಗಿರಬೇಕು, ಅಂದರೆ ಒತ್ತಿ ಕೂಡಿಸಿರಬೇಕು. ನಾಲ್ಕೇ ಎಳೆ ಹಾಕಿ ಕೊಟ್ಟರೆ ಎಷ್ಟು ದುಡ್ಡು ಕಟ್ಟಿದರೂ 100 ದಾಟುವುದಿಲ್ಲ.

ಸೋಲುವುದು ವೈಫೈಯಲ್ಲಿ. ಇವರು ಕೊಡುವ ಬಾಕ್ಸ್ 2.4 ಗಿಗಾಹರ್ಟ್ಸ್ ಮಾತ್ರ. ಆ ಬ್ಯಾಂಡಿನಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಮೂರೇ: 1, 6, 11. ಅಪಾರ್ಟ್‌ಮೆಂಟಿನ ಅಷ್ಟೂ ಮನೆಯವರು ಅದರಲ್ಲೇ ಕಿತ್ತಾಡಬೇಕು. ಮಾಮೂಲಿ ಫೋನ್ ಈ ಬಾಕ್ಸಿಗೆ 72 ಎಂಬಿಪಿಎಸ್‌ನಲ್ಲಿ ಕೂಡಿಕೊಂಡರೆ ನಿಜವಾಗಿ ಬರುವುದು 40ರ ಸುತ್ತಮುತ್ತ, ಮುರಕಲ್ಲಿನ ಎರಡು ಗೋಡೆ ದಾಟಿದ ಮೇಲೆ ಇನ್ನೂ ಕಡಿಮೆ. 2.4ರ ಜೊತೆ 5 ಗಿಗಾಹರ್ಟ್ಸ್ ಕೂಡ ಇರುವ ಡ್ಯುಯಲ್ ಬ್ಯಾಂಡ್ ಬಾಕ್ಸನ್ನೇ ಕೇಳಿ, ಬೇಕಾದರೆ ಹೆಚ್ಚಿನ ದುಡ್ಡು ಕೊಟ್ಟಾದರೂ ಸರಿ. 5 ಗಿಗಾಹರ್ಟ್ಸ್‌ಗೆ ವೇಗ ಹೆಚ್ಚು, ಗೋಡೆ ದಾಟುವ ಶಕ್ತಿ ಕಡಿಮೆ. ಹಾಗಾಗಿ ಹಳೆಯ ದಪ್ಪ ಗೋಡೆಯ ಮನೆಯಾದರೆ ಹಿಂದಿನ ಕೋಣೆಗೆ ಕ್ಯಾಟ್-6 ನೆಟ್‌ವರ್ಕ್ ವೈರ್ ಎಳೆದು ಅಲ್ಲಿ ಆಕ್ಸೆಸ್ ಪಾಯಿಂಟ್ (ವೈಫೈ ಹರಡುವ ಇನ್ನೊಂದು ಬಾಕ್ಸ್) ಇಡುವುದೇ ಲೇಸು.

ಮಳೆಗಾಲದ ಸರ್ವಿಸ್ ಪರವಾಗಿಲ್ಲ. ತೆಂಗಿನ ಮಡಲು ಬಿದ್ದು ಕೇಬಲ್ ಕಡಿದರೆ ಬಾಕ್ಸಿನಲ್ಲಿ ಎಲ್‌ಒಎಸ್ (ಸಿಗ್ನಲ್ ಇಲ್ಲ ಎಂದು ತೋರಿಸುವ) ದೀಪ ಕೆಂಪಗಾಗುತ್ತದೆ, ಫೋನ್ ಮಾಡುವಾಗ ಅದನ್ನೇ ಹೇಳಿ. ರೀಸ್ಟಾರ್ಟ್ ಮಾಡಿ ನೋಡಿ ಎಂಬ ಮಾತಿಗೆ ಆಸ್ಪದ ಇರುವುದಿಲ್ಲ. ಜೋಡಿಸಲು ಬಂದ ಹುಡುಗರ ಹತ್ತಿರ ಫೈಬರಿನಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇದ್ದೇ ಇರುತ್ತದೆ. ರೀಡಿಂಗ್ ಮೈನಸ್ 15ರಿಂದ ಮೈನಸ್ 24 ಡಿಬಿಎಂ ಒಳಗಿದ್ದರೆ ಚೆನ್ನ. ಮೈನಸ್ 27ಕ್ಕೆ ಹೋದರೆ ಲೈನ್ ಆಗಾಗ ಕೈಕೊಡುತ್ತದೆ. ಜಾಯಿಂಟ್ ಮತ್ತೆ ಹಾಕಿಸಿ, ಹಸಿರು ಕನೆಕ್ಟರಿನ ತುದಿ ಒರೆಸಿಸಿ. ಉಳಿದ ಫೈಬರನ್ನು ಬಳೆಗಿಂತ ಚಿಕ್ಕದಾಗಿ ಸುತ್ತಲು ಬಿಡಬೇಡಿ. ಕೇಬಲ್ ಜೊತೆ ಬರುವ ಸ್ಟೀಲ್ ತಂತಿಯನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಲು ಹೇಳಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದು, ಆ ತಂತಿಯಲ್ಲಿ ಹರಿಯುತ್ತದೆ. ಸಿಡಿಲಿನ ಹೊತ್ತಿಗೆ ಅಡಾಪ್ಟರನ್ನೂ ಪ್ಲಗ್ಗಿನಿಂದ ಕಿತ್ತಿಡಿ.