ದಾಸಪ್ಪ ಚಾಸಪ್ಪನಾದ ಕಥೆ: ಒಂದೇ ಕಂಪ್ಯೂಟರಿಗೆ ಹಳೇ ಆಫೀಸ್, ಹೊಸ ಆಫೀಸ್ ಎರಡೂ ಹಾಕುವ ಮುಂಚೆ ಓದಿ

ನಮ್ಮೂರ ತಾಲ್ಲೂಕು ಕಚೇರಿ ಎದುರಿಗೆ ನನ್ನದೊಂದು ಡಿಟಿಪಿ ಅಂಗಡಿ ಇದೆ. ಕರಾರು ಪತ್ರ, ಅಫಿಡವಿಟ್, ಮದುವೆ ಕಾರ್ಡು, ಶಾಲೆಗಳ ಪ್ರಶ್ನೆಪತ್ರಿಕೆ. ಸೆಪ್ಟೆಂಬರ್ ಹತ್ತಿರ ಬಂತೆಂದರೆ ಸಹಕಾರ ಸಂಘಗಳ ಮಹಾಸಭೆ ವರದಿ. ಕೀಬೋರ್ಡ್ ಮುಂದೆ ಕೂತು ಹದಿನೈದು ವರ್ಷ ದಾಟಿದೆ. ಅಂಥ ನಾನೇ ಹಳ್ಳಕ್ಕೆ ಬಿದ್ದೆ.

ಇದನ್ನು ಈಗ ಬರೆಯೋದಕ್ಕೆ ಕಾರಣ ಇದೆ. ವರ್ಡ್, ಎಕ್ಸೆಲ್ ಎಲ್ಲ ಸೇರಿದ ಮೈಕ್ರೋಸಾಫ್ಟ್ ಆಫೀಸ್ ಇದೆಯಲ್ಲ, ಅದರ 2016 ಮತ್ತು 2019 ಎರಡಕ್ಕೂ 2025ರ ಅಕ್ಟೋಬರ್ 14ಕ್ಕೆ ಬೆಂಬಲ ನಿಂತಿತು. ಅಂದರೆ ಇನ್ನು ಭದ್ರತೆಯ ಅಪ್‌ಡೇಟ್ ಬರೋದಿಲ್ಲ. ಹಾಗಾಗಿ ಅಕ್ಕಪಕ್ಕದ ಅಂಗಡಿಯವರು, ಪರಿಚಯದ ಮೇಷ್ಟ್ರುಗಳು ಎಲ್ಲರೂ ಹೊಸದು ಹಾಕಿಸುವ ಯೋಚನೆಯಲ್ಲಿದ್ದಾರೆ. ಜೊತೆಗೆ ಒಂದು ಮಾತು ಸೇರಿಸುತ್ತಾರೆ. "ಹಳೇದೂ ಇರ್ಲಿ ಬಿಡಿ, ಯಾವುದಕ್ಕಾದ್ರೂ ಬೇಕಾಗುತ್ತೆ." 2019ರಲ್ಲಿ ನಾನು ಹೇಳಿದ್ದೂ ಇದೇ ಮಾತು.

ಆಗ ನನ್ನ ಹತ್ತಿರ ಇದ್ದದ್ದು ಆಫೀಸ್ 2007. ಸಿಡಿ ಸಮೇತ ಕೊಂಡದ್ದು. ಕನ್ನಡ ಟೈಪಿಂಗಿನ ನುಡಿ ಫಾಂಟು, ಅಳತೆ, ಅಂಚು ಎಲ್ಲವನ್ನೂ ನನ್ನ ಕೈಗೆ ಹೊಂದುವ ಹಾಗೆ ಕೂರಿಸಿಕೊಂಡಿದ್ದೆ. ಅದಕ್ಕೆ 2017ರ ಅಕ್ಟೋಬರ್‌ನಲ್ಲೇ ಬೆಂಬಲ ನಿಂತಿತ್ತು. ಆದರೆ ಬೆರಳಿಗೆ ಅಂಟಿದ್ದನ್ನು ಬಿಡೋದು ಅಷ್ಟು ಸುಲಭ ಅಲ್ಲ, ಅಲ್ವಾ? ಇತ್ತ ಗಿರಾಕಿಗಳು ಹೊಸ ವರ್ಡ್‌ನಲ್ಲಿ ಮಾಡಿದ ಫೈಲ್ ತರುತ್ತಿದ್ದರು. ನನ್ನಲ್ಲಿ ತೆರೆದರೆ ಸಾಲು ಹಿಂದೆ ಮುಂದೆ ಆಗುತ್ತಿತ್ತು, ಪುಟ ಜಾರುತ್ತಿತ್ತು. ಸರಿ, ಆಫೀಸ್ 2016 ತಗೊಂಡೆ.

ಹಾಕಲು ಬಂದ ಹುಡುಗನಿಗೆ ಕೇಳಿದೆ. "ಹಳೇದು ಹೋಗಲ್ಲ ತಾನೆ?"

"ಎರಡೂ ಇರುತ್ತೆ ಅಕ್ಕ, ಏನೂ ಆಗಲ್ಲ."

ನಾನು ಯಾರದೋ ಪಹಣಿ ಜೆರಾಕ್ಸ್ ಮಾಡುತ್ತಾ ನಿಂತಿದ್ದೆ. ಪರದೆ ಮೇಲೆ ಒಂದು ಎಚ್ಚರಿಕೆ ಬಂದಿತ್ತು: ಮುಂದುವರಿದರೆ ಹಳೆಯ ಔಟ್‌ಲುಕ್, ಅಂದರೆ ಆಫೀಸ್‌ನ ಮೇಲ್ ಪ್ರೋಗ್ರಾಂ, ತೆಗೆಯಬೇಕಾಗುತ್ತದೆ ಅಂತ. ಹುಡುಗ ಓದದೆ ಒತ್ತಿದ. ನಾನು ನೋಡಲೇ ಇಲ್ಲ. ವರ್ಡ್, ಎಕ್ಸೆಲ್ ಎರಡೆರಡು ಇದ್ದರೂ ಇರಬಹುದು, ಔಟ್‌ಲುಕ್ ಮಾತ್ರ ಒಂದು ಕಂಪ್ಯೂಟರಿಗೆ ಒಂದೇ. ಹೊಸದು ಕೂತರೆ ಹಳೆಯದು ಏಳಬೇಕು.

ಸಂಜೆ ಮೇಲ್ ನೋಡೋಣ ಅಂತ ತೆರೆದರೆ, ಹುಟ್ಟಿದ ಮಗುವಿನ ಹಾಗೆ ಹೊಸ ಔಟ್‌ಲುಕ್ ನನ್ನ ಇಮೇಲ್ ವಿಳಾಸ ಕೇಳುತ್ತಿದೆ. ಎಂಟು ವರ್ಷದ ಮೇಲ್ ಎಲ್ಲಿ? ನನ್ನದು ಮೇಲ್‌ಗಳನ್ನು ಸರ್ವರ್‌ನಿಂದ ಇಳಿಸಿ ಕಂಪ್ಯೂಟರಿನಲ್ಲೇ ಇಟ್ಟುಕೊಳ್ಳುವ ಹಳೇ ಪದ್ಧತಿ. ಇಲ್ಲಿ ಹೋದರೆ ಎಲ್ಲೂ ಇಲ್ಲ. ಕೈಕಾಲು ತಣ್ಣಗಾಯಿತು. ಎರಡು ದಿನ ಆದ ಮೇಲೆ ಮೇಲ್‌ಗಳನ್ನೆಲ್ಲ ಕೂಡಿಟ್ಟಿರುವ ಪಿಎಸ್‌ಟಿ ಅನ್ನುವ ಫೈಲ್ ಹಾಗೇ ಉಳಿದಿದೆ ಅಂತ ಗೊತ್ತಾಯಿತು. ಹೊಸದರಲ್ಲಿ ಅದನ್ನು ತೆರೆದರೆ ಎಲ್ಲ ಮೇಲೂ ಸಿಕ್ಕಿತು.

ಆದರೆ ಆ ಎರಡು ದಿನದ ಗಾಬರಿಯಲ್ಲಿ ನಾನು ಇನ್ನೂ ದೊಡ್ಡ ತಪ್ಪು ಮಾಡಿಬಿಟ್ಟಿದ್ದೆ. ಹಳೇ ಔಟ್‌ಲುಕ್ ವಾಪಸ್ ಬರಲಿ ಅಂತ 2007ರ ಸಿಡಿ ಹಾಕಿ ಮತ್ತೆ ಇನ್‌ಸ್ಟಾಲ್ ಮಾಡಿದ್ದೆ. ಔಟ್‌ಲುಕ್ ಬರಲಿಲ್ಲ. ಬದಲಿಗೆ ಕ್ರಮ ತಿರುಗುಮುರುಗಾಯಿತು. ಎರಡು ಆವೃತ್ತಿ ಇಡಲೇಬೇಕೆಂದರೆ ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ ಹಾಕಬೇಕು ಅಂತ ಮೈಕ್ರೋಸಾಫ್ಟ್‌ನವರೇ ಬರೆದಿಟ್ಟಿದ್ದಾರೆ. ಓದುವ ತಾಳ್ಮೆ ಯಾರಿಗಿತ್ತು?

ಅವತ್ತಿನಿಂದ ಶುರುವಾಯಿತು ನೋಡಿ. 2016 ಬಳಸಿದ ಮೇಲೆ ಹಳೇ ವರ್ಡ್ ಒತ್ತಿದರೆ ಒಂದು ಪುಟ್ಟ ಪೆಟ್ಟಿಗೆ ಬರುತ್ತದೆ. ವಿಂಡೋಸ್ ಆಫೀಸನ್ನು ಹೊಂದಿಸುತ್ತಿದೆ, ದಯವಿಟ್ಟು ಕಾಯಿರಿ. ಹಸಿರು ಗೀಟು ಆಮೆಯ ಹಾಗೆ ಹೋಗುತ್ತದೆ. ಎರಡು ನಿಮಿಷ, ಕೆಲವೊಮ್ಮೆ ಮೂರು. ಕೌಂಟರಿನಲ್ಲಿ ನಾಲ್ಕು ಜನ ಸ್ಟಾಂಪ್ ಪೇಪರ್ ಹಿಡಿದು ನಿಂತಿರುತ್ತಾರೆ. "ಆಯ್ತೇನಮ್ಮ?" "ಆಯ್ತು, ಈಗ ಬಂತು." ಮತ್ತೆ 2016 ಬಳಸಿ ಹಳೆಯದಕ್ಕೆ ಬಂದರೆ ಮತ್ತದೇ ಪೆಟ್ಟಿಗೆ.

ಇದು ಯಾಕೆ ಹೀಗೆ ಅಂತ ಗೊತ್ತಾಗಲು ನನಗೆ ತಿಂಗಳು ಬೇಕಾಯಿತು. ತಾಲ್ಲೂಕು ಕಚೇರಿ ಎದುರಿಗೆ ಕೂತವಳಿಗೆ ಅರ್ಥವಾದದ್ದು ಪಹಣಿಯ ಲೆಕ್ಕದಲ್ಲೇ. ಎರಡು ಆಫೀಸ್‌ಗಳಿಗೆ ಮನೆ ಬೇರೆ ಬೇರೆ. 2007 ಕೂರೋದು ಆಫೀಸ್12 ಅನ್ನುವ ಫೋಲ್ಡರಿನಲ್ಲಿ, 2016 ಕೂರೋದು ಆಫೀಸ್16ರಲ್ಲಿ. (ಆಫೀಸ್13 ಅನ್ನುವುದೇ ಇಲ್ಲ, 12 ಆದ ಮೇಲೆ ಸೀದಾ 14. ಆ ಅಂಕಿ ಕಂಡರೆ ಎಲ್ಲರಿಗೂ ಭಯವೇ.) ಮನೆ ಎರಡಾದರೂ ಪಹಣಿ ಒಂದೇ. ಆ ಪಹಣಿಯ ಹೆಸರು ರಿಜಿಸ್ಟ್ರಿ. ವರ್ಡ್‌ನ ಡಾಕ್ ಫೈಲ್ ಒತ್ತಿದರೆ ಯಾರು ತೆರೆಯಬೇಕು, ಬೇರೆ ಪ್ರೋಗ್ರಾಂ "ವರ್ಡ್ ಬಾ" ಅಂದರೆ ಯಾರು ಹೋಗಬೇಕು, ಎಲ್ಲ ಅದರಲ್ಲಿ. ಅಲ್ಲಿ ಒಬ್ಬರ ಹೆಸರಿಗಷ್ಟೇ ಜಾಗ. ಹಳೇ ವರ್ಡ್ ಏಳುವಾಗ ನೋಡುತ್ತದೆ, ಖಾತೆ ಬೇರೆಯವರ ಹೆಸರಲ್ಲಿದೆ. ತಕ್ಷಣ ತನ್ನ ಹೆಸರಿಗೆ ಖಾತೆ ಬದಲಾವಣೆ ಮಾಡಿಸಿಕೊಳ್ಳಲು ಕೂರುತ್ತದೆ. ಆ ಎರಡು ನಿಮಿಷ ಅದೇ.

"ಓಪನ್ ವಿತ್" ಕೊಟ್ಟು ಬೇಕಾದ್ದನ್ನು ಆರಿಸಿಕೊಳ್ಳಬಹುದಲ್ಲ ಅನ್ನುತ್ತೀರಿ. ನಾನೂ ಅಂದುಕೊಂಡೆ. ಎರಡೂ ವರ್ಡ್‌ಗಳ ಪ್ರೋಗ್ರಾಂ ಫೈಲಿನ ಹೆಸರು ಒಂದೇ, ವಿನ್‌ವರ್ಡ್. ವಿಂಡೋಸ್‌ಗೆ ಅಣ್ಣ ಯಾರು ತಮ್ಮ ಯಾರು ಗೊತ್ತಾಗೋದಿಲ್ಲ. ನೀವು ಒಂದನ್ನು ತೋರಿಸಿದರೆ ಅದು ಇನ್ನೊಂದನ್ನು ತೆರೆಯುತ್ತದೆ.

ಇದೆಲ್ಲ ಬರೀ ಕಿರಿಕಿರಿ. ನಿಜವಾದ ಹೊಡೆತ ಬಿದ್ದದ್ದು ಸಂಘದ ವರದಿಯಲ್ಲಿ.

ನುಡಿಯಲ್ಲಿ ಹಳೇ ಪದ್ಧತಿಯ ಫಾಂಟ್ ಬಳಸುವವರಿಗೆ ಇದು ಗೊತ್ತಿರಬೇಕು. ನಮಗೆ ಕಾಣುವುದು ಕನ್ನಡ. ಕಂಪ್ಯೂಟರಿಗೆ ಅದು ಇಂಗ್ಲಿಷ್ ಅಕ್ಷರ. ಇಂಗ್ಲಿಷಿನ ಸಣ್ಣ ಝೆಡ್ ಜಾಗದಲ್ಲಿ 'ದ' ಇದೆ, ದೊಡ್ಡ ಝೆಡ್ ಜಾಗದಲ್ಲಿ 'ಚ' ಇದೆ. ಸಣ್ಣ ಜೆ ಅಂದರೆ 'ರಿ', ದೊಡ್ಡ ಜೆ ಅಂದರೆ 'ಎ'. ಇನ್ನು ವರ್ಡ್‌ನಲ್ಲಿ ಆಟೋಕರೆಕ್ಟ್ ಅಂತ ಒಂದು ಬುದ್ಧಿವಂತ ಇದ್ದಾನೆ. ವಾಕ್ಯದ ಮೊದಲ ಅಕ್ಷರ ಸಣ್ಣದಿದ್ದರೆ ದೊಡ್ಡದು ಮಾಡುತ್ತಾನೆ. ಟೇಬಲ್ಲಿನ ಪ್ರತಿ ಖಾನೆಯ ಮೊದಲ ಅಕ್ಷರವನ್ನೂ ದೊಡ್ಡದು ಮಾಡುತ್ತಾನೆ. ಅದಕ್ಕೇ ನುಡಿ ಬಳಸುವವರು ಮೊದಲು ಮಾಡೋ ಕೆಲಸ ಅವನ ಬಾಯಿ ಮುಚ್ಚಿಸುವುದು. 2007ರಲ್ಲಿ ನಾನು ಎಂದೋ ಮುಚ್ಚಿಸಿದ್ದೆ. ಎಷ್ಟು ಹಿಂದೆ ಅಂದರೆ ಅಂಥದ್ದೊಂದು ಇದೆ ಅನ್ನೋದೇ ಮರೆತಿತ್ತು. 2016ರಲ್ಲಿ ಅವನು ಪೂರ್ತಿ ಎಚ್ಚರವಾಗಿದ್ದ.

ವರದಿಯ ಫೈಲನ್ನು ಎಂದಿನಂತೆ ಎರಡು ಸಲ ಒತ್ತಿ ತೆರೆದಿದ್ದೆ. ಆ ಹೊತ್ತಿಗೆ ಖಾತೆ ಯಾರ ಹೆಸರಲ್ಲಿತ್ತೋ, 2016 ತೆರೆದುಕೊಂಡಿದೆ. ಎರಡರ ಮುಖವೂ ಹೆಚ್ಚುಕಡಿಮೆ ಒಂದೇ. ನನ್ನ ಕಣ್ಣು ಕೈಬರಹದ ಪ್ರತಿ ಮೇಲೆ. ಹೊಸ ಸದಸ್ಯರ ಪಟ್ಟಿ, ಖರ್ಚಿನ ಟೇಬಲ್ ಎಲ್ಲ ಹೊಡೆದು, ಮಾಸ್ಟರ್ ಪ್ರತಿ ತೆಗೆದು ಪ್ರೆಸ್ಸಿಗೆ ಕಳಿಸಿದೆ. ಹಳೇ ಪುಟಗಳಿಗೆ ಏನೂ ಆಗಿರಲಿಲ್ಲ. ಅವನು ಕೈ ಹಾಕೋದು ಹೊಸದಾಗಿ ಟೈಪ್ ಮಾಡಿದ್ದಕ್ಕೆ ಮಾತ್ರ. ಪ್ರೂಫ್ ನೋಡುವಾಗ ತಪ್ಪಿಸಿಕೊಂಡದ್ದೂ ಅದಕ್ಕೇ. ಮೊದಲ ಹತ್ತು ಪುಟ ಚೊಕ್ಕವಾಗಿದ್ದರೆ ಮುಂದಿನದರ ಮೇಲೆ ಕಣ್ಣು ಓಡುತ್ತದೆ, ನಿಲ್ಲೋದಿಲ್ಲ. ಅಕ್ಷರ ಚಿಂದಿಯಾಗಿದ್ದರೆ ಕಣ್ಣಿಗೆ ಹೊಡೆಯುತ್ತಿತ್ತು. ಇಲ್ಲಿ ಬಂದದ್ದೂ ಕನ್ನಡದ ಅಕ್ಷರವೇ.

ಮರುದಿನ ಸಂಘದ ಕಾರ್ಯದರ್ಶಿ ಬಂದರು. ವಯಸ್ಸಾದವರು, ಜೋರಾಗಿ ಮಾತಾಡುವವರಲ್ಲ. ಕಟ್ಟಿನಿಂದ ಒಂದು ಪುಸ್ತಕ ಎಳೆದು ಕೌಂಟರ್ ಮೇಲೆ ಇಟ್ಟು, ಒಂದು ಸಾಲಿನ ಮೇಲೆ ಬೆರಳಿಟ್ಟರು.

"ಏನಮ್ಮಾ ಇದು, ಚಾಸಪ್ಪ ಯಾರು?"

ದಾಸಪ್ಪ ಚಾಸಪ್ಪ ಆಗಿದ್ದರು. ದೇವರಾಜು ಚೇವರಾಜು. ಖರ್ಚಿನ ಪುಟದಲ್ಲಿ 'ರಿಪೇರಿ ವೆಚ್ಚ' ಹೋಗಿ 'ಎಪೇರಿ ವೆಚ್ಚ'. 'ದಾಸ್ತಾನು' ಇದ್ದಲ್ಲಿ 'ಚಾಸ್ತಾನು'. ತಿಮ್ಮಯ್ಯನವರ ಗತಿ ಇನ್ನೂ ಕಷ್ಟ. 'ತಿ' ಸಣ್ಣ ಡಬ್ಲ್ಯೂ, ದೊಡ್ಡದಾದರೆ ತಲೆಕಟ್ಟಿಲ್ಲದ ಘ. ಓದಲೂ ಬಾರದ ಹೆಸರಾಯಿತು. ಅಷ್ಟು ಪುಸ್ತಕವೂ ಅಚ್ಚಾಗಿ, ಪಿನ್ ಹೊಡೆದು ಬಂದಿತ್ತು. ಆ ಪುಟಗಳನ್ನು ಮತ್ತೆ ಅಚ್ಚು ಹಾಕಿಸಿ, ಪಿನ್ ಬಿಚ್ಚಿ, ಸೇರಿಸಿ ಹೊಡೆಸಿದೆ. ದುಡ್ಡು ನನ್ನ ಕೈಯಿಂದಲೇ. ಎಷ್ಟು ಅಂತ ಹೇಳಲ್ಲ, ಈಗಲೂ ಹೊಟ್ಟೆ ಉರಿಯುತ್ತೆ.

ಅದೇ ಸಂಘದ ಇನ್ನೊಂದು ಕೆಲಸವೂ ಕೆಟ್ಟಿತು. ಸದಸ್ಯರ ಪಟ್ಟಿ ಇರುವ ಎಕ್ಸೆಲ್ ಫೈಲಿನಲ್ಲಿ ಒಂದು ಮ್ಯಾಕ್ರೋ ಇತ್ತು. ಗುಂಡಿ ಒತ್ತಿದರೆ ತಾನೇ ವರ್ಡ್ ತೆರೆದು ಒಬ್ಬೊಬ್ಬರ ಹೆಸರಿಗೂ ಮಹಾಸಭೆ ನೋಟಿಸ್ ಮಾಡಿಕೊಡುತ್ತಿತ್ತು. ಇಂಥ ಮ್ಯಾಕ್ರೋ ಒಳಗೆ "ನನಗೆ ವರ್ಡ್‌ನ 12ನೇ ಲೈಬ್ರರಿ ಬೇಕು" ಅಂತ ಒಂದು ಗುರುತು ಇರುತ್ತದೆ. 12 ಅಂದರೆ 2007. ಆ ಫೈಲನ್ನು ಎಕ್ಸೆಲ್ 2016ರಲ್ಲಿ ತೆರೆದು ಸೇವ್ ಮಾಡಿದರೆ ಅದು ಸದ್ದಿಲ್ಲದೆ 12 ಇದ್ದದ್ದನ್ನು 16 ಮಾಡುತ್ತದೆ. ನನ್ನ ಕಂಪ್ಯೂಟರಿನಲ್ಲಿ ಎರಡೂ ಇದ್ದವಲ್ಲ, ಚೆನ್ನಾಗೇ ಓಡಿತು. ಪೆನ್‌ಡ್ರೈವ್‌ನಲ್ಲಿ ಸಂಘದ ಕಚೇರಿಗೆ ಕೊಟ್ಟೆ. ಅಲ್ಲಿ 2007 ಮಾತ್ರ. ಗುಂಡಿ ಒತ್ತಿದರೆ ಲೈಬ್ರರಿ ಸಿಗುತ್ತಿಲ್ಲ ಅಂತ ದೋಷ. ಒಳಗೆ ಹೋಗಿ ರೆಫರೆನ್ಸ್ ಪಟ್ಟಿ ನೋಡಿದರೆ ವರ್ಡ್ 16ರ ಮುಂದೆ "ಮಿಸ್ಸಿಂಗ್" ಅಂತ ಬರೆದಿದೆ. ಅದರ ಗುರುತು ತೆಗೆದು 12ನ್ನು ಹಾಕಿದರೆ ಮುಗಿಯುವ ಕೆಲಸ. ಅವತ್ತು ನನಗದು ಗೊತ್ತಿರಲಿಲ್ಲ. ರಾತ್ರಿ ಹನ್ನೊಂದರವರೆಗೆ ನಾನು, ಕಚೇರಿಯ ಹುಡುಗಿ ಇಬ್ಬರೂ ಕೂತು ಹೆಸರುಗಳನ್ನು ಕೈಯಲ್ಲಿ ಬರೆದೆವು.

ಇನ್ನೊಂದು ಸಣ್ಣ ವಿಷಯ. ವರ್ಡ್ 2007ರಿಂದ ಈಚೆಗೆ ಬಂದವೆಲ್ಲ ನಾರ್ಮಲ್ ಅನ್ನುವ ಒಂದೇ ಟೆಂಪ್ಲೇಟ್ ಫೈಲನ್ನು ಹಂಚಿಕೊಳ್ಳುತ್ತವೆ. ಎರಡು ವರ್ಡ್‌ಗಳನ್ನೂ ಒಟ್ಟಿಗೆ ತೆರೆದಿಟ್ಟರೆ "ಈ ಫೈಲ್ ಬೇರೆಯವರ ಬಳಕೆಯಲ್ಲಿದೆ" ಅಂತ ತಕರಾರು ಬರುತ್ತದೆ. ಮುಚ್ಚುವಾಗ ಸೇವ್ ಮಾಡಲೋ ಬೇಡವೋ ಅಂತ ಕೇಳುತ್ತದೆ. ಏನೋ ಒಂದು ಒತ್ತಿದರೆ ನಿಮ್ಮ ಫಾಂಟು, ಅಂಚಿನ ಅಳತೆ ಹೋಗುತ್ತದೆ. ನನ್ನದು ಹೋಯಿತು.

ಕೊನೆಗೆ ಹಳೆಯದನ್ನು ತೆಗೆದೆ. ತೆಗೆದರೆ ಹೊಸದೂ ಕುಂಟತೊಡಗಿತು, ಹಂಚಿಕೊಂಡಿದ್ದ ಸಾಮಾನನ್ನೂ ಹೊತ್ತುಕೊಂಡು ಹೋಗಿತ್ತಲ್ಲ. ಕಂಟ್ರೋಲ್ ಪ್ಯಾನೆಲ್‌ನಲ್ಲಿ ಆಫೀಸ್ ಆರಿಸಿ, ಚೇಂಜ್ ಒತ್ತಿ, ಆನ್‌ಲೈನ್ ರಿಪೇರಿ ಕೊಟ್ಟ ಮೇಲೆ ಸರಿಹೋಯಿತು. ಒಂದನ್ನು ತೆಗೆದಾಗ ಉಳಿದದ್ದಕ್ಕೆ ಈ ರಿಪೇರಿ ಮಾಡಿಸಿಬಿಡಿ. ಎಪೇರಿ ಅಲ್ಲ, ರಿಪೇರಿ.

ಈಗ ಹೊಸದು ಕೊಳ್ಳುವವರಿಗೆ ಒಂದು ಮಾತು. 2016, 2019, 2021, 2024, ಮತ್ತೆ ಬಾಡಿಗೆಯ 365 ಇವೆಲ್ಲ ಹೊರಗೆ ಹೆಸರು ಬೇರೆ, ಒಳಗೆ ಎಲ್ಲವೂ 16. ಎಲ್ಲಕ್ಕೂ ಅದೇ ಆಫೀಸ್16ರ ಮನೆ. ವರ್ಡ್ 2016, ವರ್ಡ್ 2021 ಎರಡನ್ನೂ ಒಂದೇ ವಿಂಡೋಸ್‌ನಲ್ಲಿ ಅಕ್ಕಪಕ್ಕ ಕೂರಿಸಲು ಆಗೋದೇ ಇಲ್ಲ. ಯಾರಾದರೂ "ಎರಡೂ ಹಾಕಿಕೊಡ್ತೀನಿ" ಅಂದರೆ ನಂಬಬೇಡಿ. 2010, 2013 ಇದ್ದರೆ ಹೊಸದರ ಜೊತೆ ಕೂರಬಹುದು, ಆದರೆ ನನಗಾದದ್ದೇ ನಿಮಗೂ. ಅದರ ಮೇಲೆ 32 ಬಿಟ್, 64 ಬಿಟ್ ಜಗಳ ಬೇರೆ. ಹಳೆಯದು 32 ಆಗಿದ್ದರೆ ಹೊಸದನ್ನೂ 32ರಲ್ಲೇ ಕೇಳಿ. ಎರಡು ಥರ ಬೆರೆಸಲು ಅದು ಒಪ್ಪೋದಿಲ್ಲ.

ವಿಧಿಯೇ ಇಲ್ಲ, ಎರಡೂ ಬೇಕೇ ಬೇಕು ಅನ್ನುವವರು ಮೊದಲು ಪಿಎಸ್‌ಟಿ ಮತ್ತು ನಾರ್ಮಲ್ ಟೆಂಪ್ಲೇಟನ್ನು ಬೇರೆ ಡಿಸ್ಕಿಗೆ ನಕಲು ಮಾಡಿಟ್ಟುಕೊಳ್ಳಿ. ಹಳೆಯದನ್ನು ಮೊದಲು ಹಾಕಿ, ಹಾಕುವಾಗ ಔಟ್‌ಲುಕ್ ಬಿಟ್ಟುಬಿಡಿ. ಹೊಸದು ಬಂದ ತಕ್ಷಣ ಆಟೋಕರೆಕ್ಟ್‌ನ ಬಾಯಿ ಮುಚ್ಚಿಸಿ. ಆ ಹಸಿರು ಗೀಟಿನ ಪೆಟ್ಟಿಗೆಗೂ ಮದ್ದಿದೆ. ರಿಜಿಸ್ಟ್ರಿಯಲ್ಲಿ ಹಳೇ ವರ್ಡ್‌ನ ಆಪ್ಷನ್ಸ್ ಕೆಳಗೆ 'ನೋ ರೀ ರೆಗ್' (NoReReg) ಅನ್ನುವ ಹೆಸರಲ್ಲಿ, ನಡುವೆ ಜಾಗ ಬಿಡದೆ, ಒಂದು ಡಿವರ್ಡ್ (DWORD, ಅಂಕಿ ಹಾಕುವ ನಮೂದು) ಹಾಕಿ ಬೆಲೆ 1 ಕೊಟ್ಟರೆ ಅದು ಖಾತೆ ಬದಲಾಯಿಸಲು ಹೋಗೋದಿಲ್ಲ. ರಿಜಿಸ್ಟ್ರಿ ತಿಳಿದವರ ಕೈಯಲ್ಲೇ ಮಾಡಿಸಿ. ಆಫೀಸ್‌ನ ಡೇಟಾಬೇಸ್ ಪ್ರೋಗ್ರಾಂ ಆಕ್ಸೆಸ್ ಬಳಸುವವರಿಗೆ ಈ ಮದ್ದು ನಾಟುವುದಿಲ್ಲ. ಫೈಲನ್ನು ಒತ್ತಿ ತೆರೆಯುವ ಅಭ್ಯಾಸ ಬಿಡಿ. ಬೇಕಾದ ವರ್ಡ್ ಮೊದಲು ತೆರೆದು ಅದರೊಳಗಿಂದ ಫೈಲ್ ಕರೆಯಿರಿ.

ನಾನಂತೂ ಆ ಗೋಜಿಗೆ ಹೋಗಲಿಲ್ಲ. ಮಗಳು ಬಿಟ್ಟ ಹಳೇ ಲ್ಯಾಪ್‌ಟಾಪ್ ಒಂದಿತ್ತು. ಅದರಲ್ಲಿ 2007 ಒಂದೇ, ಇಂಟರ್ನೆಟ್ ಇಲ್ಲ. ನುಡಿಯ ಹಳೇ ಫೈಲ್ ಬಂದರೆ ಅಲ್ಲಿ. ಬೇರೆಲ್ಲ ದೊಡ್ಡ ಕಂಪ್ಯೂಟರಿನಲ್ಲಿ. ಎರಡಕ್ಕೂ ನಡುವೆ ಒಂದು ಪೆನ್‌ಡ್ರೈವ್ ಓಡಾಡುತ್ತದೆ. ಲ್ಯಾಪ್‌ಟಾಪ್ ಇಲ್ಲದವರು ವರ್ಚುವಲ್‌ಬಾಕ್ಸ್ ಹಾಕಿ ಕಂಪ್ಯೂಟರಿನೊಳಗೇ ಇನ್ನೊಂದು ಕಂಪ್ಯೂಟರ್ ಮಾಡಿಕೊಳ್ಳಬಹುದು. ಅದು ಪುಕ್ಕಟೆ, ಆದರೆ ಒಳಗೆ ಹಾಕುವ ವಿಂಡೋಸ್‌ಗೆ ಲೈಸೆನ್ಸ್ ಬೇರೆ ಬೇಕು.

ಕಾರ್ಯದರ್ಶಿಗಳು ಈಗಲೂ ವರದಿ ನನ್ನ ಹತ್ತಿರವೇ ಮಾಡಿಸುತ್ತಾರೆ. ಪ್ರೂಫ್ ಕೈಗೆ ಕೊಟ್ಟರೆ ಕನ್ನಡಕ ಹಾಕಿಕೊಂಡು ಸೀದಾ ಸದಸ್ಯರ ಪಟ್ಟಿಗೆ ಹೋಗುತ್ತಾರೆ. ಬೆರಳು ಕೆಳಗೆ ಇಳಿಯುತ್ತಾ ಒಂದು ಕಡೆ ನಿಲ್ಲುತ್ತದೆ. "ದಾಸಪ್ಪ ಇದ್ದಾರೆ" ಅನ್ನುತ್ತಾರೆ. ಆಮೇಲೆ ಮೊದಲ ಪುಟ ತೆರೆಯುತ್ತಾರೆ.