ದಿನಾ ತೊಡುವ ಉಂಗುರಕ್ಕೆ ಬೌಲ್ಡರ್ ಓಪಲ್ಲೇ ಸರಿ

ಓಪಲ್ ಅಂದರೆ ಒಳಗಿಂದ ಬಣ್ಣ ಬಣ್ಣವಾಗಿ ಮಿನುಗುವ ರತ್ನ. ಮೊದಲೇ ಹೇಳಿಬಿಡುತ್ತೇನೆ, ಅದರಲ್ಲಿ ನನಗೆ ಇಷ್ಟವಾದದ್ದು ಆಸ್ಟ್ರೇಲಿಯಾದ ಬೌಲ್ಡರ್ ಓಪಲ್, ಅಂದರೆ ತಾನು ಹುಟ್ಟಿದ ಕಂದುಗಲ್ಲಿನ ಸಮೇತ ಕತ್ತರಿಸಿದ್ದು. ಇಥಿಯೋಪಿಯಾದ ವೆಲೋ ಓಪಲ್, ಮೂರು ಪದರ ಅಂಟಿಸಿ ಮಾಡುವ ಟ್ರಿಪ್ಲೆಟ್, ಬೌಲ್ಡರ್, ಈ ಮೂರನ್ನೂ ಉಂಗುರದಲ್ಲಿ ಹಾಕಿಕೊಂಡು ಓಡಾಡಿದ್ದೇನೆ. ಮೂರೂ ಈಗಲೂ ನನ್ನ ಹತ್ತಿರ ಇವೆ. ಬೆರಳಲ್ಲಿ ಉಳಿದಿರುವುದು ಬೌಲ್ಡರ್ ಮಾತ್ರ.

ಹಾಗಂತ ವೆಲೋ ಓಪಲ್ ಕಳಪೆ ಕಲ್ಲು ಅಂತ ಅಲ್ಲ. ಒಣಗಿದ್ದಾಗ ಅದರ ಬಣ್ಣದಾಟದ ಮುಂದೆ ಮಿಕ್ಕ ಎರಡೂ ಸಪ್ಪೆ. ಇದು ಸಿಗುವುದು ವೊಲ್ಲೊ ಸೀಮೆಯ ವೆಗೆಲ್ ತೇನಾ ಊರಿನ ಸುತ್ತಮುತ್ತ. 2008ರಲ್ಲಿ ಸಿಕ್ಕ ನಿಕ್ಷೇಪ ಅದು. ಎತ್ತರದ ಬೆಟ್ಟಗಳ ಕಡಿದಾದ ಪಕ್ಕೆಯಲ್ಲಿ, ಜ್ವಾಲಾಮುಖಿಯ ಬೂದಿ ಗಟ್ಟಿಯಾಗಿ ಆದ ಬಂಡೆಗಳ ನಡುವೆ, ಒಂದು ತೆಳು ಪದರದಲ್ಲಿ ಓಪಲ್ ಇರುತ್ತದೆ. ಅಲ್ಲಿನ ಜನ ಕೈ ಹತಾರದಲ್ಲೇ ಬೆಟ್ಟದೊಳಕ್ಕೆ ಸುರಂಗ ತೋಡಿ ಅದನ್ನು ತೆಗೆಯುತ್ತಾರೆ. ಸುರಂಗ ಕುಸಿದು ಜೀವ ಹೋದದ್ದೂ ಇದೆ. ಅಷ್ಟು ಕಷ್ಟದಿಂದ ಬಂದ ಕಲ್ಲನ್ನು ಅದರ ಗುಣ ಹೇಳದೆ ಮಾರುವುದು ನನಗೆ ಸರಿ ಕಾಣಲಿಲ್ಲ. ನನ್ನ ವಿಷಯದಲ್ಲಿ ಆದದ್ದು ಅದೇ.

ಈ ಕಲ್ಲು ನೀರು ಕುಡಿಯುತ್ತದೆ. ಮಾರಿದವರನ್ನು ನಾನು ನೇರವಾಗಿ ಕೇಳಿದ್ದೆ, ದಿನಾ ತೊಡಬಹುದಾ ಅಂತ. ಧಾರಾಳವಾಗಿ ತೊಡಿ ಅಂದರು. ಉಂಗುರ ಬೆರಳಿಗೆ ಬಂದ ಮೇಲೆ ಕೈ ತೊಳೆದಾಗಲೆಲ್ಲ ಕಲ್ಲಿನ ಅಂಚು ಒಂಚೂರು ಮಸುಕಾಗುತ್ತಿತ್ತು. ಒಂದು ದಿನ ಪಾತ್ರೆ ತೊಳೆಯುವಾಗ ಕೈ ತುಂಬ ಹೊತ್ತು ನೀರಲ್ಲೇ ಇತ್ತು. ಒರೆಸಿಕೊಂಡು ನೋಡಿದರೆ ಹಸಿರು, ಕಿತ್ತಳೆ ಚುಕ್ಕೆಗಳು ಅಂಚಿನಿಂದ ಮಧ್ಯಕ್ಕೆ ಅಳಿಸಿಕೊಂಡು ಹೋಗಿವೆ. ಹಾಲಿನ ಬಣ್ಣವಿದ್ದ ಕಲ್ಲು ಗಾಜಿನ ಚೂರಿನಂತೆ ತಿಳಿಯಾಗಿದೆ. ಅದರೊಳಗಿಂದ ಉಂಗುರದ ತಳದ ಬೆಳ್ಳಿ, ಬೆಳ್ಳಿಯ ಮೇಲಿನ ಗೀರು ಎಲ್ಲ ಕಾಣುತ್ತಿವೆ.

ಕಾರಣ ಕಲ್ಲಿನ ಕಟ್ಟಡದಲ್ಲೇ ಇದೆ. ಓಪಲ್ ಅಂದರೆ ಸಿಲಿಕಾದ ಬಹಳ ಸಣ್ಣ ಗೋಲಿಗಳು ಸಾಲಾಗಿ ಜೋಡಿಸಿಕೊಂಡು ಆದದ್ದು. 1964ರಲ್ಲಿ ಆಸ್ಟ್ರೇಲಿಯಾದ ವಿಜ್ಞಾನಿಗಳು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿ ಇದನ್ನು ತೋರಿಸಿಕೊಟ್ಟರು. ಆ ಗೋಲಿಗಳ ನಡುವಿನ ಸಂದುಗಳಲ್ಲಿ ಬೆಳಕು ಹಾದು ಬಣ್ಣವಾಗಿ ಒಡೆಯುತ್ತದೆ. ಗೋಲಿ ಸಣ್ಣದಾದರೆ ನೀಲಿ, ದೊಡ್ಡದಾದರೆ ಕೆಂಪು. ವೆಲೋ ಕಲ್ಲಿನಲ್ಲಿ ಈ ಸಂದುಗಳು ಬಹುಪಾಲು ತೆರೆದಿರುತ್ತವೆ, ಒಳಗೆ ಗಾಳಿ ಇರುತ್ತದೆ. ಇಂಥ ಓಪಲ್‌ಗೆ ಹೈಡ್ರೋಫೇನ್ ಅನ್ನುತ್ತಾರೆ. ಗಾಳಿ ಇದ್ದ ಜಾಗಕ್ಕೆ ನೀರು ಹೊಕ್ಕರೆ ಗೋಲಿಗೂ ಸಂದಿಗೂ ಬೆಳಕಿನ ಮಟ್ಟಿಗೆ ವ್ಯತ್ಯಾಸ ಕಡಿಮೆಯಾಗುತ್ತದೆ. ಆಗ ಬೆಳಕು ಎಲ್ಲೂ ತಡೆಯದೆ ಹೊರಟುಹೋಗುತ್ತದೆ. ಕೆಲವು ಕಲ್ಲುಗಳಲ್ಲಿ ಒದ್ದೆಯಾದರೂ ಬಣ್ಣ ಉಳಿಯುತ್ತದೆ. ನನ್ನದರಲ್ಲಿ ಉಳಿಯಲಿಲ್ಲ.

ಒಣಗಿದ ಮೇಲೆ ಬಣ್ಣ ವಾಪಸ್ ಬರುತ್ತದೆ, ಅದು ನಿಜ. ಆದರೆ ನಿಧಾನ. ಬೇಗ ಒಣಗಲಿ ಅಂತ ಬಿಸಿಲಿಗೋ ಬಿಸಿಗಾಳಿಗೋ ಹಿಡಿಯುವ ಹಾಗಿಲ್ಲ, ಹಠಾತ್ತನೆ ನೀರು ಕಳೆದುಕೊಂಡರೆ ಬಿರುಕು ಬಿಡಬಹುದು. ಉಂಗುರ ತೆಗೆದಿಟ್ಟು ಸುಮ್ನೆ ಕಾಯಬೇಕು. ಕಾದೆ, ಬಣ್ಣ ಬಂತು. ಮತ್ತೆ ತೊಟ್ಟೆ, ಮತ್ತೆ ಅದೇ ಕಥೆ.

ಬರೀ ನೀರಾದರೆ ಇಷ್ಟಕ್ಕೇ ಮುಗಿಯುತ್ತಿತ್ತು. ಸೋಪು, ಕ್ರೀಮು, ಎಣ್ಣೆ, ಸೆಂಟು ಎಲ್ಲವೂ ಅದೇ ದಾರಿಯಲ್ಲಿ ಒಳಗೆ ಹೋಗುತ್ತವೆ. ನೀರು ಆರಿಹೋಗುತ್ತದೆ, ಇವು ಉಳಿಯುತ್ತವೆ. ನನ್ನ ಕಲ್ಲು ಈಗ ತುಸು ಹಳದಿ ತಿರುಗಿದೆ. ಪಕ್ಕದಲ್ಲಿ ಬಿಳಿ ಕಾಗದ ಇಟ್ಟರೆ ಚೆನ್ನಾಗಿ ಗೊತ್ತಾಗುತ್ತದೆ. ಓಪಲ್‌ಗೆ ಆಗಾಗ ಎಣ್ಣೆ ಸವರಬೇಕು ಅನ್ನುವ ಸಲಹೆ ಎಲ್ಲ ಕಡೆ ಓಡಾಡುತ್ತಿರುತ್ತದೆ. ದಯವಿಟ್ಟು ಈ ಕಲ್ಲಿಗೆ ಅದನ್ನು ಮಾಡಬೇಡಿ. ಆಸ್ಟ್ರೇಲಿಯಾದ ಗಟ್ಟಿ ಓಪಲ್‌ಗಾದರೆ ಎಣ್ಣೆ ಒಳಗೇ ಇಳಿಯುವುದಿಲ್ಲ, ಹಚ್ಚಿ ಪ್ರಯೋಜನವೂ ಇಲ್ಲ.

ಹೀಗೆ ಏನನ್ನಾದರೂ ಹೀರಿಕೊಳ್ಳುವುದರಿಂದಲೇ ಇದಕ್ಕೆ ಬಣ್ಣ ಹಾಕುವುದೂ ಸುಲಭ. ಕಡು ನೇರಳೆ, ಕಡು ನೀಲಿ ವೆಲೋ ಕಂಡರೆ ಬಣ್ಣ ಹಾಕಿದ್ದಾ ಅಂತ ಕೇಳಲೇಬೇಕು. ಕಪ್ಪಗಿದ್ದರೆ ಹೊಗೆ ಹಿಡಿಸಿದ್ದಾ ಅಂತ ಕೇಳಬೇಕು. ಇನ್ನೊಂದು ಮಾತು, ನೀರು ಕುಡಿದ ಕಲ್ಲಿನ ತೂಕ ಏರುತ್ತದೆ. ಕ್ಯಾರೆಟ್ ಲೆಕ್ಕದಲ್ಲಿ ಕೊಳ್ಳುವವರು ಒಣಗಿದ ಕಲ್ಲನ್ನೇ ತೂಗಿಸಬೇಕು, ಅಲ್ವಾ? ನೀರಿನ ಬಟ್ಟಲಲ್ಲಿಟ್ಟು ತೋರಿಸುವ ಕಲ್ಲನ್ನು ನಾನು ಕೊಳ್ಳುವುದಿಲ್ಲ.

ಟ್ರಿಪ್ಲೆಟ್ ಬಗ್ಗೆ ಹೇಳುವುದು ಕಡಿಮೆ. ಕೆಳಗೆ ಕಪ್ಪು ತಳ, ಮಧ್ಯೆ ಕಾಗದದಷ್ಟು ತೆಳ್ಳಗಿನ ಓಪಲ್, ಮೇಲೆ ಸ್ಫಟಿಕದ್ದೋ ಗಾಜಿನದೋ ಗುಮ್ಮಟ, ಮೂರನ್ನೂ ಅಂಟಿನಿಂದ ಕೂಡಿಸಿರುತ್ತಾರೆ. ಮೇಲಿನ ಗುಮ್ಮಟ ಇಲ್ಲದಿದ್ದರೆ ಡಬ್ಲೆಟ್. ಬೆಲೆ ಕಡಿಮೆ, ಮುಖ ದೊಡ್ಡದು, ದೂರದಿಂದ ತುಂಬ ಚೆಂದ. ಮೇಲಿನದು ಸ್ಫಟಿಕವಾದರೆ ಗೀರೂ ಅಷ್ಟು ಬೇಗ ಬೀಳುವುದಿಲ್ಲ. ಈ ಒಂದು ವಿಷಯದಲ್ಲಿ ಅದು ಬೌಲ್ಡರ್‌ಗಿಂತ ವಾಸಿ, ಯಾಕೆಂದರೆ ಗೀರು ತಡೆಯುವ ಶಕ್ತಿಯನ್ನು ಅಳೆಯುವ ಮೋಸ್ ಮಾಪಕದಲ್ಲಿ ಓಪಲ್ ಗಡಸುತನ 5.5ರಿಂದ 6.5 ಅಷ್ಟೇ, ಸ್ಫಟಿಕದ್ದು 7. ಆದರೆ ದಿನಾ ನೀರು ತಗುಲಿ ನನ್ನದರ ಅಂಟಿನ ಸಾಲಿಗೆ ಒಂದು ಕಡೆಯಿಂದ ಮಂಜು ಹಿಡಿಯಿತು. ಒಳಗೆ ಹಿಡಿದದ್ದನ್ನು ಒರೆಸಲು ಆಗುವುದಿಲ್ಲ. ಕೊಳ್ಳುವಾಗ ಕಲ್ಲನ್ನು ಅಡ್ಡಲಾಗಿ ಹಿಡಿದು ಪಕ್ಕೆ ನೋಡಿ. ಪದರಗಳ ನಡುವೆ ನೇರವಾದ ಗೆರೆ ಕಂಡರೆ ಅದು ಅಂಟಿಸಿದ್ದು. ಸುತ್ತ ಲೋಹದ ಪಟ್ಟಿ ಕಟ್ಟಿ ಹಿಂಬದಿಯನ್ನೂ ಮುಚ್ಚಿದ್ದರೆ ಪಕ್ಕೆ ಕಾಣುವುದೇ ಇಲ್ಲ, ಆಗ ಬಾಯಿಬಿಟ್ಟು ಕೇಳಬೇಕು.

ಇನ್ನು ಬೌಲ್ಡರ್. ಕ್ವೀನ್ಸ್‌ಲ್ಯಾಂಡಿನ ಒಳನಾಡು, ವಿಂಟನ್, ಕ್ವಿಲ್ಪಿ ಕಡೆಯದು. ಅಲ್ಲಿ ಮರಳುಗಲ್ಲಿನ ನಡುವೆ ಕಬ್ಬಿಣದಂಶ ತುಂಬಿದ ಕಂದು ಗುಂಡುಗಳಿರುತ್ತವೆ. ಅವುಗಳ ಬಿರುಕುಗಳಲ್ಲಿ ಓಪಲ್ ಎಳೆ ಎಳೆಯಾಗಿ ಕೂತಿರುತ್ತದೆ. ಯಂತ್ರದಿಂದ ಮೇಲ್ಮಣ್ಣು ಸರಿಸಿ ಗುಂಡು ಹೊರತೆಗೆದು ಒಡೆಯುತ್ತಾರೆ. ಎಷ್ಟೋ ಗುಂಡುಗಳಲ್ಲಿ ಏನೂ ಇರುವುದಿಲ್ಲ. ಓಪಲ್ ಎಳೆ ಬಹಳ ಸಲ ತೆಳ್ಳಗಿರುತ್ತದೆ, ಹಾಗಾಗಿ ಅದನ್ನು ಬಿಡಿಸದೆ ಕಂದುಗಲ್ಲಿನ ಸಮೇತವೇ ಕತ್ತರಿಸುತ್ತಾರೆ. ನನಗೆ ಇಷ್ಟವಾಗುವುದು ಇದೇ. ಟ್ರಿಪ್ಲೆಟ್‌ನಲ್ಲಿ ಅಂಟಿಸಿ ತರುವ ಕಪ್ಪು ತಳ ಇದಕ್ಕೆ ಹುಟ್ಟಿನಿಂದಲೇ ಇದೆ. ಗಾಢವಾದ ಆ ತಳದ ಮೇಲೆ ಬಣ್ಣ ಎದ್ದು ಕಾಣುತ್ತದೆ, ಅಂಟಿನ ಭಯವಿಲ್ಲ. ಆಸ್ಟ್ರೇಲಿಯಾದ್ದೇ ಇನ್ನೊಂದು ಊರು ಲೈಟ್ನಿಂಗ್ ರಿಡ್ಜ್‌ನ ಕಪ್ಪು ಓಪಲ್ ನನ್ನ ಬಜೆಟ್‌ಗೆ ಎಟುಕುವುದಿಲ್ಲ. ಅದಕ್ಕೆ ಹತ್ತಿರದ ನೋಟ ಬೌಲ್ಡರ್‌ನಲ್ಲಿ ಎಷ್ಟೋ ಕಡಿಮೆಗೆ ಸಿಕ್ಕಿತು.

ನನ್ನ ಕಲ್ಲಿನ ಮುಖ ಸಪಾಟಾಗಿಲ್ಲ, ಸಣ್ಣ ಏರಿಳಿತ ಇದೆ. ಎಳೆ ಹೇಗೆ ಬಾಗಿತ್ತೋ ಹಾಗೇ ಉಜ್ಜಿ ಹೊಳಪು ಕೊಟ್ಟಿದ್ದಾರೆ. ಒಂದು ಮೂಲೆಯಲ್ಲಿ ಕಂದುಗಲ್ಲು ಮೇಲೆ ಬಂದು ನೀಲಿ ಹಸಿರಿನ ನಡುವೆ ನಡುಗಡ್ಡೆಯಂತೆ ಕೂತಿದೆ. ಕೈ ಆಡಿಸಿದರೆ ಹಸಿರು ಆ ಕಂದನ್ನು ಸುತ್ತಿಕೊಂಡು ನೀಲಿಗೆ ತಿರುಗುತ್ತದೆ. ಪಾತ್ರೆ ತೊಳೆದಿದ್ದೇನೆ, ಮಳೆಯಲ್ಲಿ ನೆನೆದಿದ್ದೇನೆ, ಬಣ್ಣ ಕದಲಿಲ್ಲ. ಸಣ್ಣ ಗೀರು ಬಿದ್ದಿವೆ. ಅವನ್ನು ಮತ್ತೆ ಮೆರುಗು ಹಾಕಿಸಿದರೆ ತೆಗೆಯಬಹುದು. ಎಳೆ ತೆಳ್ಳಗಿರುವುದರಿಂದ ಪದೇ ಪದೇ ಉಜ್ಜಿಸುವುದು ಮಾತ್ರ ಬೇಡ.

ತೊಂದರೆ ಇಲ್ಲ ಅಂತಲ್ಲ. ಆಕಾರ ಸೊಟ್ಟ. ಸಿದ್ಧ ಉಂಗುರದ ಮನೆಗೆ ಅದು ಕೂರುವುದಿಲ್ಲ, ಕಲ್ಲನ್ನು ನೋಡಿಯೇ ಅಕ್ಕಸಾಲಿ ಮನೆ ಕಟ್ಟಬೇಕು. ಮಜೂರಿ ಜಾಸ್ತಿ ಆಯಿತು. ಜೊತೆಗೆ ಕಂದುಗಲ್ಲು ಭಾರ, ಕ್ಯಾರೆಟ್ ಲೆಕ್ಕ ಇಲ್ಲಿ ಏನೂ ಹೇಳುವುದಿಲ್ಲ. ಬಿಡಿ ಕಲ್ಲಿಗೆ ಇಷ್ಟು ಅಂತ ಮಾತಾಡುವುದೇ ವಾಸಿ.

ಬಿಸಿ ಹಬೆಯಲ್ಲಿ, ಅಲ್ಟ್ರಾಸಾನಿಕ್ ಯಂತ್ರದಲ್ಲಿ ಮೂರನ್ನೂ ತೊಳೆಸಬೇಡಿ.

ಉಂಗುರ ಆಗಾಗ ತೆಗೆದಿಡುವ ಅಭ್ಯಾಸ ನನಗಿಲ್ಲ, ಕೈ ನೀರಲ್ಲಿರುವುದು ಜಾಸ್ತಿ. ಖರ್ಚು ಮಾಡಿದರೆ ಒಂದು ಸಲ ಮಾಡಿ ಸುಮ್ಮನಿರುವವರ ಪೈಕಿ ನಾನು. ಇಂಥವರಿಗೆ ಬೌಲ್ಡರ್. ಉಂಗುರ ಬೇಡ, ಕೊರಳಿಗೆ ಪೆಂಡೆಂಟ್ ಸಾಕು, ಸಮಾರಂಭಕ್ಕಷ್ಟೇ ತೊಡುತ್ತೇನೆ, ಸೆಂಟು ಹಾಕಿಕೊಂಡು ಆರಿದ ಮೇಲೇ ತೊಡುತ್ತೇನೆ ಅನ್ನುವವರು ವೆಲೋ ಕೊಳ್ಳಲಿ, ಅಷ್ಟು ಬಣ್ಣ ಆ ಬೆಲೆಗೆ ಬೇರೆಲ್ಲೂ ಕಾಣೆ. ನನ್ನ ವೆಲೋವನ್ನೂ ಉಂಗುರದಿಂದ ಬಿಡಿಸಿ ಪೆಂಡೆಂಟ್ ಮಾಡಿಸಲು ಕೊಟ್ಟಿದ್ದೇನೆ. ಟ್ರಿಪ್ಲೆಟ್ ಕಿವಿಯೋಲೆಗೆ ಅಡ್ಡಿಯಿಲ್ಲ, ಸ್ನಾನಕ್ಕೆ ಮುಂಚೆ ತೆಗೆದಿಟ್ಟರಾಯಿತು. ಆದರೆ ನಾನು ಓಲೆಗೂ ಬೌಲ್ಡರನ್ನೇ ಹುಡುಕುತ್ತಿದ್ದೇನೆ. ಗುಂಡು ಎಳೆಯ ಗುಂಟವೇ ಒಡೆದುಕೊಂಡರೆ ಎರಡೂ ಹೋಳಿನ ಮೇಲೆ ಒಂದೇ ಬಣ್ಣದ, ಒಂದಕ್ಕೊಂದು ಕನ್ನಡಿ ಹಿಡಿದಂಥ ಮುಖಗಳು ಸಿಗುತ್ತವೆ. ಅದಕ್ಕೆ ಸ್ಪ್ಲಿಟ್ ಅನ್ನುತ್ತಾರೆ. ಹಸಿರು ಜಾಸ್ತಿ ಇರುವ ಒಂದು ಜೋಡಿ ಸಿಕ್ಕರೆ ಸಾಕು.